ಎರಡೂವರೆ ಟನ್ನಿನ ಗಾಡಿಗೆ ಬೇಸಿಗೆಯ ಟೈರು

ಈಸ್ಟರ್ ಹಬ್ಬ ಹತ್ತಿರ ಬಂತೆಂದರೆ ಜರ್ಮನಿಯ ಟೈರ್ ಅಂಗಡಿಗಳಲ್ಲಿ ಸರದಿ ಸಿಗುವುದೇ ಕಷ್ಟ. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು, ಉಳಿದ ತಿಂಗಳಿಗೆ ಬೇಸಿಗೆಯದು ಎಂಬುದು ಅಲ್ಲಿ ಬಾಯಿಪಾಠವಾದ ಲೆಕ್ಕ. ಬಿಚ್ಚಿದ ನಾಲ್ಕು ಗಾಲಿಗಳನ್ನು ಇಡಲು ಮನೆಯಲ್ಲಿ ಜಾಗವಿಲ್ಲದಿದ್ದರೆ ಅಂಗಡಿಯವರೇ ಬಾಡಿಗೆ ಪಡೆದು ಇಟ್ಟುಕೊಳ್ಳುತ್ತಾರೆ. ಆ ಗೋದಾಮಿಗೆ 'ಟೈರ್ ಹೋಟೆಲ್' ಎಂದೇ ಹೆಸರು. ಬೆಂಗಳೂರಿನಿಂದ ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆಗೆ ಕೆಲಸಕ್ಕೆ ಹೋದವರಿಗೆ ಮೊದಲ ವರ್ಷ ಇದೆಲ್ಲ ಹೊಸತು. ನಮ್ಮಲ್ಲಿ ಟೈರಿಗೆ ಋತುಮಾನವಿಲ್ಲ.

ಬೇಸಿಗೆಯ ಟೈರಿನ ರಬ್ಬರ್ ಮಿಶ್ರಣ ಬಿಸಿ ರಸ್ತೆಯಲ್ಲಿ ಮೆತ್ತಗಾಗದೆ ನಿಲ್ಲುತ್ತದೆ. ಹವೆ ಏಳು ಡಿಗ್ರಿಗಿಂತ ಕೆಳಗಿಳಿದಂತೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಈ ಏಳು ಒಂದು ಅಂದಾಜೇ ಹೊರತು ಗಡಿಗೆರೆಯಲ್ಲ. ಜರ್ಮನ್ ಕಾನೂನು ಕೂಡ ತಾರೀಖನ್ನಾಗಲಿ ಉಷ್ಣಾಂಶವನ್ನಾಗಲಿ ಹೇಳುವುದಿಲ್ಲ. ಹಿಮ, ಮಂಜುಗಡ್ಡೆ, ಕರಗಿದ ಹಿಮದ ಕೆಸರು ಇರುವ ರಸ್ತೆಯಲ್ಲಿ ಬೇಸಿಗೆಯ ಟೈರಿನಲ್ಲಿ ಓಡಿಸಬಾರದು ಎನ್ನುತ್ತದೆ, ಅಷ್ಟೆ. ಓಡಿಸಿ ಸಿಕ್ಕಿಬಿದ್ದರೆ 60 ಯೂರೋ ದಂಡ, ಲೈಸೆನ್ಸಿನ ಖಾತೆಗೆ ಒಂದು ಪಾಯಿಂಟ್.

ಸಣ್ಣ ಕಾರಿನವರಿಗೆ ಇಷ್ಟು ತಿಳಿದಿದ್ದರೆ ಸುಮಾರಾಗಿ ಸಾಕು. ದೊಡ್ಡ ಎಸ್‌ಯುವಿ ಇಟ್ಟುಕೊಂಡವರಿಗೆ ಸಾಲದು. ಬಿಎಂಡಬ್ಲ್ಯೂ ಎಕ್ಸ್5 ಗಾಡಿಯನ್ನೇ ನೋಡಿ. ಅದರ ಎಂ60ಐ ಮಾದರಿಗೆ 530 ಅಶ್ವಶಕ್ತಿ. ಚಾರ್ಜ್ ಮಾಡಿಯೂ ಓಡಿಸಬಹುದಾದ 50ಇ ಮಾದರಿ ಖಾಲಿ ಇದ್ದಾಗಲೇ ಸುಮಾರು ಎರಡೂವರೆ ಟನ್ ತೂಗುತ್ತದೆ. ಜರ್ಮನಿಯ ಹೆದ್ದಾರಿ ಆಟೋಬಾನಿನ ಬಹಳಷ್ಟು ಭಾಗದಲ್ಲಿ ವೇಗದ ಮಿತಿಯೇ ಇಲ್ಲ; ಗಂಟೆಗೆ 130 ಕಿ.ಮೀ. ಎಂಬುದು ಬರೀ ಸಲಹೆ. 2,400 ಕಿಲೋ ತೂಕದ ಗಾಡಿ 130ರಲ್ಲಿ ಹೋಗುವಾಗ ಅದರಲ್ಲಿ ಸುಮಾರು 15.6 ಲಕ್ಷ ಜೂಲ್ ಶಕ್ತಿ ತುಂಬಿರುತ್ತದೆ. 200ಕ್ಕೆ ಏರಿಸಿದರೆ ಅದು 37 ಲಕ್ಷ. ಬ್ರೇಕ್ ಒತ್ತಿದಾಗ ಇದಷ್ಟನ್ನೂ ನೆಲದ ಮೇಲೆ ತಡೆದು ನಿಲ್ಲಿಸಬೇಕಾದದ್ದು ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳು.

ಶಾಲೆಯ ಪಾಠದಂತೆ ಭಾರ ಹೆಚ್ಚಿದರೆ ಘರ್ಷಣೆಯೂ ಅಷ್ಟೇ ಹೆಚ್ಚಬೇಕು, ಆದ್ದರಿಂದ ಗಾಡಿ ಹಗುರವೋ ಭಾರವೋ ನಿಲ್ಲುವ ದೂರ ಒಂದೇ ಆಗಬೇಕು. ರಬ್ಬರ್ ಈ ಪಾಠ ಓದಿಲ್ಲ. ಟೈರಿನ ಮೇಲೆ ಭಾರ ಏರಿದಷ್ಟೂ ಅದರ ಹಿಡಿತ ಅದೇ ಪ್ರಮಾಣದಲ್ಲಿ ಏರದೆ ಹಿಂದೆ ಬೀಳುತ್ತದೆ. ಎತ್ತರದ ಗಾಡಿಯಲ್ಲಿ ಇದು ಇನ್ನೂ ಜೋರು. ಎಕ್ಸ್5ರ ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ 2,975 ಮಿ.ಮೀ. ಗಾಡಿಯ ಭಾರಕೇಂದ್ರ ನೆಲದಿಂದ 70 ಸೆಂ.ಮೀ. ಮೇಲಿದೆ ಎಂದಿಟ್ಟುಕೊಂಡರೆ, ಜೋರಾಗಿ ಬ್ರೇಕ್ ಹಾಕಿದಾಗ ಸರಿಸುಮಾರು ಕಾಲು ಭಾಗ ತೂಕ, ಅಂದರೆ ಐನೂರು ಕಿಲೋ ಮೀರಿದ ಭಾರ, ಹಿಂದಿನ ಗಾಲಿಗಳಿಂದ ಮುಂದಿನವಕ್ಕೆ ಜಾರುತ್ತದೆ. ತಿರುವಿನಲ್ಲಿ ಹೊರಗಿನ ಪಕ್ಕದ ಟೈರುಗಳಿಗೂ ಇದೇ ಪಾಡು. ಹೀಗಾಗಿ ಇಂಥ ಗಾಡಿಗೆ ಟೈರ್ ಆರಿಸುವಾಗ ಬ್ರ್ಯಾಂಡಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಭಾರದ್ದು.

ಉತ್ತರ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. 275/40 ಆರ್ 21 107 ವೈ ಎಂದು ಬರೆದಿದ್ದರೆ ಎಲ್ಲರ ಕಣ್ಣು ಅಗಲ, ಎತ್ತರ, ರಿಮ್ ತಿಳಿಸುವ ಮೊದಲ ಅಂಕಿಗಳ ಮೇಲೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಕೊನೆಯ ಎರಡು ಗುರುತು. 107 ಎಂದರೆ ಒಂದು ಟೈರ್ 975 ಕಿಲೋ ಹೊರಬಲ್ಲದು. 110 ಆದರೆ 1,060, 111 ಆದರೆ 1,090. ಕೊನೆಯ ಅಕ್ಷರ ವೇಗದ್ದು: ವಿ 240, ಡಬ್ಲ್ಯೂ 270, ವೈ 300. ಭಾರ ಮತ್ತು ವೇಗ ಎರಡನ್ನೂ ಒಟ್ಟಿಗೆ ತುತ್ತತುದಿವರೆಗೆ ಬಳಸಿಕೊಳ್ಳಬಹುದು ಎಂದು ಬಹಳ ಜನ ತಿಳಿದಿರುತ್ತಾರೆ. ಹಾಗಿಲ್ಲ. ಡಬ್ಲ್ಯೂ ಟೈರು 240ರವರೆಗೆ ಪೂರ್ತಿ ಭಾರ ಹೊರುತ್ತದೆ. 250ರಲ್ಲಿ ನೂರಕ್ಕೆ 95, 270 ತಲುಪಿದಾಗ 85 ಮಾತ್ರ. ವೈ ಟೈರು 270ರವರೆಗೂ ಪೂರ್ತಿ ಹೊರುತ್ತದೆ. 250ಕ್ಕೆ ಕಡಿವಾಣ ಹಾಕಿದ ಗಾಡಿಗೆ ಡಬ್ಲ್ಯೂ ಸಾಕೇ ಸಾಕು ಎನಿಸಬಹುದು. ಆದರೆ ಕುಟುಂಬ, ಸಾಮಾನು ಎಲ್ಲ ತುಂಬಿಕೊಂಡು ರಜೆಗೆ ಹೊರಟ ಭಾರದ ಗಾಡಿಗೆ ವೈ ಅಕ್ಷರ ಕೊಡುವ ಸಲಿಗೆ ಬೇರೆಯೇ. ಚಳಿಗಾಲದ ಟೈರಿನಲ್ಲಿ ಗಾಡಿಯ ಗರಿಷ್ಠ ವೇಗಕ್ಕಿಂತ ಕಡಿಮೆಯ ಅಕ್ಷರ ಇದ್ದರೂ, ಡ್ರೈವರಿಗೆ ಕಾಣುವಂತೆ ಎಚ್ಚರಿಕೆಯ ಚೀಟಿ ಅಂಟಿಸಿ ಓಡಿಸಲು ಜರ್ಮನಿ ಒಪ್ಪುತ್ತದೆ. ಬೇಸಿಗೆಯ ಟೈರಿಗೆ ಆ ರಿಯಾಯಿತಿ ಇಲ್ಲ.

ಯಾವ ಸಂಖ್ಯೆ ಬೇಕೆಂದು ಊಹಿಸುವ ಅಗತ್ಯವಿಲ್ಲ. ಜರ್ಮನ್ ನೋಂದಣಿ ಪತ್ರದ 8.1, 8.2 ಅಂಕಣಗಳಲ್ಲಿ ಪ್ರತಿ ಅಚ್ಚಿನ ಮೇಲೆ ಬೀಳಬಹುದಾದ ಗರಿಷ್ಠ ಭಾರ ಇದೆ, ಟಿ ಅಂಕಣದಲ್ಲಿ ಗರಿಷ್ಠ ವೇಗ, 15.1 ಮತ್ತು 15.2ರಲ್ಲಿ ಟೈರಿನ ಅಳತೆ. ಅಲ್ಲಿರುವುದು ಒಂದೇ ಅಳತೆ. ಒಪ್ಪಿಗೆಯಾದ ಉಳಿದ ಅಳತೆಗಳಿಗೆ ಗಾಡಿಯ ಜೊತೆ ಬಂದ ಅನುಸರಣಾ ಪತ್ರ ನೋಡಬೇಕು.

ಎಕ್ಸ್‌ಎಲ್ ಎಂಬ ಗುರುತು ಟೈರಿನ ಒಡಲು ಗಟ್ಟಿಯಾಗಿದೆ ಎನ್ನುತ್ತದೆ, ಆದರೆ ಆ ಗಟ್ಟಿತನ ಗಾಳಿಯಿಂದಲೇ ಬರಬೇಕು. ಸಾಮಾನ್ಯ ಟೈರಿನ ಭಾರದ ಲೆಕ್ಕ 2.5 ಬಾರ್ ಒತ್ತಡದ್ದು, ಎಕ್ಸ್‌ಎಲ್‌ನದು 2.9 ಬಾರ್, ನಮ್ಮ ಪಂಪಿನ ಲೆಕ್ಕದಲ್ಲಿ 42 ಪಿಎಸ್‌ಐ. 2.2 ಬಾರ್ ಹಾಕಿಸಿ 975 ಕಿಲೋ ಹೊರು ಎಂದರೆ ಅದು ಹೊರುವುದಿಲ್ಲ, ಕಾಯುತ್ತದೆ. ಬಾಗಿಲ ಅಂಚಿನ ಚೀಟಿಯಲ್ಲಿ ಇಬ್ಬರು ಕೂತಾಗ ಎಷ್ಟು, ಪೂರ್ತಿ ತುಂಬಿದಾಗ ಎಷ್ಟು ಎಂದು ಬೇರೆ ಬೇರೆ ಕೊಟ್ಟಿರುತ್ತಾರೆ. ಬ್ಯಾಟರಿ ಗಾಡಿಗಳ ತೂಕ ಎಕ್ಸ್‌ಎಲ್‌ಗೂ ಮಿಕ್ಕಿದ್ದರಿಂದ ಈಚೆಗೆ ಎಚ್‌ಎಲ್ ಎಂಬ ಇನ್ನೊಂದು ಮೆಟ್ಟಿಲು ಸೇರಿದೆ. 245/40 ಆರ್ 19 ಅಳತೆಯಲ್ಲಿ ಎಕ್ಸ್‌ಎಲ್ ಟೈರಿನ ಸಂಖ್ಯೆ 98, ಅಂದರೆ 750 ಕಿಲೋ. ಎಚ್‌ಎಲ್‌ನದು 101, ಅಂದರೆ 825. ಗಾಡಿ ಎಚ್‌ಎಲ್ ಕೇಳಿದ್ದರೆ ಅಗ್ಗಕ್ಕೆ ಸಿಕ್ಕಿತೆಂದು ಎಕ್ಸ್‌ಎಲ್ ಹಾಕಿಸುವಂತಿಲ್ಲ.

ಇನ್ನು ಎಲ್ಲರ ಮೋಹದ ವಿಷಯ: ದೊಡ್ಡ ರಿಮ್. ಇದೇ ಎಕ್ಸ್5ಗೆ 19 ಇಂಚಿನಲ್ಲಿ ನಾಲ್ಕಕ್ಕೂ 265/50 ಟೈರ್ ಬರುತ್ತದೆ. 21ಕ್ಕೆ ಹೋದರೆ ಮುಂದೆ 275/40, ಹಿಂದೆ 315/35. 22ರಲ್ಲಿ ಹಿಂದಿನದು 315/30. ಗಾಲಿಯ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ ಇರಬೇಕಾದ್ದರಿಂದ ರಿಮ್ ಬೆಳೆದಷ್ಟೂ ರಬ್ಬರ್ ಸವರಿಹೋಗುತ್ತದೆ: 19ರಲ್ಲಿ ರಿಮ್ಮಿನಿಂದ ನೆಲಕ್ಕೆ 132 ಮಿ.ಮೀ. ರಬ್ಬರ್ ಇದ್ದರೆ 22ರ ಹಿಂದಿನ ಗಾಲಿಯಲ್ಲಿ ಉಳಿಯುವುದು 94. ಒಣ ರಸ್ತೆಯ ತಿರುವಿನಲ್ಲಿ ಅದು ಚುರುಕು, ನಿಜ. ಆದರೆ ಮಳೆಯ ಲೆಕ್ಕ ಬೇರೆ. ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದ್ದರೆ, ನೂರರ ವೇಗದಲ್ಲಿ 265ರ ಟೈರು ಸೆಕೆಂಡಿಗೆ 22 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು, 315ರದು 26 ಲೀಟರ್. ತಳ್ಳಲಾಗದಿದ್ದರೆ ಟೈರು ನೀರಿನ ಮೇಲೇ ತೇಲುತ್ತದೆ; ಆಗ ಸ್ಟೀರಿಂಗ್ ತಿರುಗಿಸಿದರೂ ಗಾಡಿ ಕೇಳುವುದಿಲ್ಲ. ಗಾಡಿಯ ಬ್ರೇಕ್ ಡಿಸ್ಕ್ ದೊಡ್ಡದಾಗಿದ್ದು ಸಣ್ಣ ರಿಮ್ ಹಿಡಿಸದು ಎಂಬ ತೊಡಕು ಇಲ್ಲದಿದ್ದರೆ ನಾನು 19 ಅಥವಾ 20 ಇಂಚನ್ನೇ ಆರಿಸುವವನು. ಇದೇ ಗಾಡಿಯನ್ನು ಬೆಂಗಳೂರಿನ ಗುಂಡಿಗಳಲ್ಲಿ ಓಡಿಸುವವರಿಗೆ ಈ ಮಾತು ಇಮ್ಮಡಿ ಅನ್ವಯಿಸುತ್ತದೆ. ತೆಳು ಟೈರು ಗುಂಡಿಯ ಅಂಚಿಗೆ ಬಡಿದರೆ ಪಕ್ಕದಲ್ಲಿ ಗುಳ್ಳೆ ಏಳುತ್ತದೆ, ರಿಮ್ ಸೊಟ್ಟಗಾಗುತ್ತದೆ.

ಯುರೋಪಿನಲ್ಲಿ ಮಾರುವ ಪ್ರತಿ ಟೈರಿಗೂ ಬಣ್ಣದ ಪಟ್ಟಿಯ ಚೀಟಿ ಕಡ್ಡಾಯ. 2021ರ ಮೇ 1ರಿಂದ ಜಾರಿಯಾದ ಹೊಸ ನಮೂನೆಯಲ್ಲಿ ಇಂಧನಕ್ಕೆ 'ಎ'ಯಿಂದ 'ಇ'ವರೆಗೆ ಒಂದು ದರ್ಜೆ, ಒದ್ದೆ ರಸ್ತೆಯ ಬ್ರೇಕಿಗೆ ಇನ್ನೊಂದು, ಜೊತೆಗೆ ಸದ್ದು ಎಷ್ಟು ಡೆಸಿಬಲ್ ಎಂಬ ಅಂಕಿ. ಈ ಎರಡು ದರ್ಜೆಗಳಿಗೆ ಹಳೆಯ ಜಗಳ: ಸುಲಭವಾಗಿ ಉರುಳುವ ರಬ್ಬರ್ ಒದ್ದೆಯಲ್ಲಿ ಜಾರುತ್ತಿತ್ತು. 1992ರಲ್ಲಿ ಮಿಶೆಲಿನ್ ಕಂಪನಿ ಸಿಲಿಕಾ ಬೆರೆಸಿದ ಟೈರು ತಂದ ಮೇಲೆ ಜಗಳ ತಗ್ಗಿತು, ಮುಗಿಯಲಿಲ್ಲ. ಭಾರದ ಗಾಡಿಗೆ ಒದ್ದೆಯಲ್ಲಿ ಎ ದರ್ಜೆ ಇಲ್ಲದ ಟೈರನ್ನು ಕೈಯಲ್ಲೂ ಮುಟ್ಟಬೇಡಿ. ಇಂಧನದ ದರ್ಜೆ ಒಂದೆರಡು ಮೆಟ್ಟಿಲು ಕೆಳಗಿದ್ದರೂ ಸಹಿಸಬಹುದು. ಆದರೆ ಇವು ಕಂಪನಿಗಳು ತಾವೇ ಘೋಷಿಸುವ ದರ್ಜೆಗಳು. ಒಣ ರಸ್ತೆಯ ಬ್ರೇಕು, ನೀರಿನ ಮೇಲೆ ತೇಲುವುದು, ಎಷ್ಟು ದಿನ ಬಾಳುತ್ತದೆ ಎಂಬುದು ಚೀಟಿಯಲ್ಲಿಲ್ಲ. ಅದಕ್ಕೆ ಜರ್ಮನಿಯ ಎಡಿಎಸಿ, ಸ್ವಿಟ್ಜರ್ಲೆಂಡಿನ ಟಿಸಿಎಸ್‌ನಂಥ ವಾಹನಿಗರ ಸಂಘಗಳ ಪರೀಕ್ಷಾ ವರದಿ ಓದಬೇಕು. ಓದುವಾಗ ಅಳತೆ ಗಮನಿಸಿ. ಸಣ್ಣ ಕಾರಿನ 16 ಇಂಚಿನಲ್ಲಿ ಗೆದ್ದ ಟೈರು ನಿಮ್ಮ 21 ಇಂಚಿನಲ್ಲೂ ಗೆಲ್ಲುತ್ತದೆಂದು ಹೇಳಲು ಬರುವುದಿಲ್ಲ.

ಕೆಲವು ಟೈರುಗಳ ಮೇಲೆ ಒಂದು ನಕ್ಷತ್ರ, ಎಒ, ಎಂಒ ಅಥವಾ ಎನ್0 ಎಂಬ ಗುರುತು ಇರುತ್ತದೆ. ಕ್ರಮವಾಗಿ ಬಿಎಂಡಬ್ಲ್ಯೂ, ಔಡಿ, ಮರ್ಸಿಡಿಸ್, ಪೋರ್ಶೆ ತಮ್ಮ ಗಾಡಿಗೆಂದು ಒಪ್ಪಿದ ಟೈರುಗಳಿವು. ಹೆಸರು ಒಂದೇ ಆದರೂ ಗುರುತು ಇರುವುದರ ಒಳರಚನೆ, ಮಿಶ್ರಣ ಬೇರೆ ಇರಬಹುದು. ಹಗುರ ಕಾರಿಗಾದರೆ ಇದಕ್ಕೆ ಹೆಚ್ಚು ಹಣ ಕೊಡಬೇಡಿ ಎನ್ನುತ್ತಿದ್ದೆ. ನಾಲ್ಕೂ ಗಾಲಿಗೆ ಎಳೆತ ಹಂಚುವ ಭಾರದ ಎಸ್‌ಯುವಿಗೆ, ಅದರಲ್ಲೂ ಹಿಂದೆ ಮುಂದೆ ಬೇರೆ ಅಳತೆ ಇದ್ದಾಗ, ಕೊಡುವುದು ಲೇಸು. ಅಲ್ಲಿ ಸುತ್ತಳತೆಯ ಹೊಂದಾಣಿಕೆ ತಪ್ಪುವಂತಿಲ್ಲ. ಮುಂದೆ 8 ಮಿ.ಮೀ. ಗ್ರಿಪ್ಪಿನ ಹೊಸ ಟೈರು ಹಾಕಿಸಿ ಹಿಂದೆ 3 ಮಿ.ಮೀ.ಗೆ ಸವೆದದ್ದನ್ನೇ ಬಿಟ್ಟರೆ ತ್ರಿಜ್ಯದಲ್ಲಿ 5 ಮಿ.ಮೀ. ವ್ಯತ್ಯಾಸ. ಕಿಲೋಮೀಟರಿಗೆ ಹದಿಮೂರು ಮೀಟರಿನಷ್ಟು ಉರುಳುವ ಲೆಕ್ಕ ತಪ್ಪುತ್ತದೆ. ಅದನ್ನು ಸರಿದೂಗಿಸುತ್ತ ಎಳೆತ ಹಂಚುವ ಕ್ಲಚ್ಚು ಸದಾ ಉಜ್ಜಿ ಕಾಯುತ್ತದೆ, ಅದರ ರಿಪೇರಿಯ ಬಿಲ್ಲು ನಾಲ್ಕು ಟೈರಿನ ಬಿಲ್ಲನ್ನು ನಾಚಿಸುತ್ತದೆ.

ಕಾನೂನಿನ ಪ್ರಕಾರ 1.6 ಮಿ.ಮೀ. ಗ್ರಿಪ್ ಉಳಿದಿದ್ದರೂ ಓಡಿಸಬಹುದು. ಬೇಸಿಗೆಯ ಟೈರನ್ನು 3 ಮಿ.ಮೀ.ಗೇ ಬದಲಿಸಿ ಎಂಬುದು ಎಡಿಎಸಿಯ ಸಲಹೆ. ಅಂಗಡಿಯಲ್ಲಿ ಟೈರ್ ತೋರಿಸಿದಾಗ ಪಕ್ಕದ ನಾಲ್ಕಂಕಿ ನೋಡಿ. 1424 ಎಂದಿದ್ದರೆ 2024ರ ಹದಿನಾಲ್ಕನೆಯ ವಾರದ ತಯಾರಿಕೆ. ಹಾಕಿಸಿದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ, ಬೋಲ್ಟ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿಸಿ. ಮೊದಲ ಕೆಲವು ನೂರು ಕಿಲೋಮೀಟರ್ ಹೊಸ ರಬ್ಬರಿನ ಮೇಲ್ಪದರ ಸವೆಯುವವರೆಗೆ, ಕಾಲಡಿ 530 ಅಶ್ವಶಕ್ತಿ ಇದ್ದರೂ, ಮೆಲ್ಲಗೆ ಹೋಗಿ.