ಪವರ್ ಟಿಲ್ಲರಿನ ಡ್ರೈನ್ ಪ್ಲಗ್ಗು: ಹಾಳಾದ ಥ್ರೆಡ್ಡಿನ ದುರಸ್ತಿ

ಕರಿಘಟ್ಟದ ನೆತ್ತಿಯಲ್ಲಿ ನಿಂತು ನೋಡುವವರಿಗೆ ಲೋಕಪಾವನಿಯು ಕಾವೇರಿಯನ್ನು ಕೂಡುವ ತಾಣವೂ, ಅದರ ಸುತ್ತ ಹರಡಿದ ಭತ್ತದ ಗದ್ದೆಗಳೂ ಕಬ್ಬಿನ ತಾಕುಗಳೂ ಒಮ್ಮೆಗೇ ಕಣ್ಣಿಗೆ ಬೀಳುತ್ತವೆ. ಒಂದು ಕಾಲಕ್ಕೆ ಜೋಡೆತ್ತುಗಳೇ ಮಾಡುತ್ತಿದ್ದ ಕೆಸರು ಉಳುಮೆಯನ್ನು ಇಂದು ಬಹುಮಟ್ಟಿಗೆ ಯಂತ್ರಗಳು ವಹಿಸಿಕೊಂಡಿವೆ. ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಸಹಯೋಗದೊಡನೆ 1967ರಲ್ಲಿ ಬೆಂಗಳೂರಿನಲ್ಲಿ ವಿ.ಎಸ್.ಟಿ. ಕಾರ್ಖಾನೆ ಸ್ಥಾಪನೆಯಾದ ತರುವಾಯ ಪವರ್ ಟಿಲ್ಲರು ನಮ್ಮ ರೈತರಿಗೆ ಪರಿಚಿತವಾಯಿತು. ಈ ಯಂತ್ರದ ಆಯುಷ್ಯವನ್ನು ನಿರ್ಧರಿಸುವ ಅಂಗಗಳಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ತಿರುಪೂ ಸೇರಿದೆ ಎಂಬುದನ್ನು ಮಾತ್ರ ಬಳಸುವವರು ಅಷ್ಟಾಗಿ ಗಮನಿಸುವುದಿಲ್ಲ.

ಗೇರ್ ಪೆಟ್ಟಿಗೆಯ ತಳದಲ್ಲಿರುವ ಈ ತಿರುಪಿಗೆ ಡ್ರೈನ್ ಪ್ಲಗ್ ಎಂದು ಹೆಸರು. ಹಳೆಯ ಎಣ್ಣೆಯನ್ನು ಹೊರಗೆ ಬಿಡುವುದು ಇದರ ಕೆಲಸ. ರಸ್ತೆಯ ವಾಹನದಲ್ಲಿ ಇದು ಸೋರಿದರೆ ಎಣ್ಣೆ ಹೊರಕ್ಕೆ ಹೋಗುತ್ತದೆ, ಅಷ್ಟೆ. ಕೆಸರುಗದ್ದೆಯಲ್ಲಿ ಮುಳುಗಿ ದುಡಿಯುವ ಟಿಲ್ಲರಿನಲ್ಲಿ ಹಾಗಲ್ಲ. ಎಣ್ಣೆ ಹೊರಬರುವ ದಾರಿಯಲ್ಲೇ ನೀರು ಒಳಕ್ಕೆ ಬರುತ್ತದೆ. ಕರಾವಳಿಯ ಮೀನುಗಾರರು ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಯಂತ್ರದ ಕೆಳಗಿನ ಗೇರ್ ಪೆಟ್ಟಿಗೆಗೂ ಇದೇ ಸಂಕಟ. (ಶ್ರೀರಂಗಪಟ್ಟಣದ ಹರಿಗೋಲಿನವರಿಗೆ ಈ ಚಿಂತೆಯಿಲ್ಲ.) ನೀರು ಬೆರೆತ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ, ಜಾರುಗುಣವನ್ನು ಕಳೆದುಕೊಳ್ಳುತ್ತದೆ, ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಯಂತ್ರವನ್ನು ಒಂದು ರಾತ್ರಿ ಅಲುಗಿಸದೆ ನಿಲ್ಲಿಸಿ, ಬೆಳಿಗ್ಗೆ ಪ್ಲಗ್ಗನ್ನು ತುಸುವೇ ಸಡಿಲಿಸಿದಾಗ ಮೊದಲು ನೀರಿನ ಹನಿ ಬಂದರೆ ಒಳಗೆ ನೀರು ಹೊಕ್ಕಿದೆಯೆಂದೇ ತಿಳಿಯಬೇಕು. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ದಿನಗಳಲ್ಲಿ ಯಂತ್ರ ಕೈಕೊಟ್ಟರೆ ಉಳುಮೆಯ ಸರದಿಯೇ ತಪ್ಪಿಹೋಗುತ್ತದೆ.

ಥ್ರೆಡ್ಡು ಹಾಳಾಗುವುದು ಸವೆತದಿಂದಲ್ಲ, ಬಹುಪಾಲು ಅತಿಬಿಗಿತದಿಂದ. ಸೋರಿಕೆಯನ್ನು ತಡೆಯುವುದು ಪ್ಲಗ್ಗಿನ ತಲೆಯ ಕೆಳಗಿರುವ ವಾಷರೇ ಹೊರತು ತಿರುಪಿನ ಎಳೆಗಳಲ್ಲ. ವಾಷರು ಹಳತಾಗಿ ಹನಿ ಜಿನುಗಿದಾಗ ಜನರು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇನ್ನಷ್ಟು ಬಿಗಿಯುತ್ತಾರೆ. ಪ್ಲಗ್ಗು ಉಕ್ಕು, ಪೆಟ್ಟಿಗೆ ಅಲ್ಯೂಮಿನಿಯಂ ಮಿಶ್ರಲೋಹವಾಗಿದ್ದರೆ ಸೋಲುವುದು ಪೆಟ್ಟಿಗೆಯೇ. ಹತ್ತು ರೂಪಾಯಿಯ ವಾಷರನ್ನು ಉಳಿಸಲು ಹೋಗಿ ಇಡೀ ಪೆಟ್ಟಿಗೆಯನ್ನು ಕೆಡಿಸಿಕೊಳ್ಳುವುದು ಜಾಣತನವಲ್ಲ. ತಾಮ್ರದ ವಾಷರಾದರೆ ಕೆಂಪಗೆ ಕಾಸಿ ನೀರಿನಲ್ಲದ್ದಿದರೆ ಮತ್ತೆ ಮೃದುವಾಗುತ್ತದೆ.

ಇನ್ನೊಂದು ಕಾರಣ, ಹೊಂದದ ಪ್ಲಗ್ಗು. ಇಂಗ್ಲೆಂಡಿನ ವಿಟ್‌ವರ್ತ್ 1841ರಲ್ಲಿ ಸೂಚಿಸಿದ ತಿರುಪಿನ ಎಳೆಗಳ ಕೋನ 55 ಡಿಗ್ರಿ. ಮೆಟ್ರಿಕ್ ತಿರುಪಿನದು 60. ಬ್ರಿಟಿಷ್ ಮಾದರಿಯ ಹಳೆಯ ಪಂಪ್‌ಸೆಟ್ಟಿನ ಪ್ಲಗ್ಗನ್ನು ಜಪಾನಿ ಮಾದರಿಯ ಟಿಲ್ಲರಿಗೆ ತಿರುಗಿಸಿದರೆ ಮೊದಲೆರಡು ಸುತ್ತು ಹಿಡಿದಂತೆ ತೋರಿ, ಮುಂದೆ ಎಳೆಗಳನ್ನು ಕತ್ತರಿಸುತ್ತದೆ. ಆದುದರಿಂದ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸತಕ್ಕದ್ದು.

ಸೆಣಬಿನ ನಾರು ಸುತ್ತುವುದು, ಅಂಟು ಮೆತ್ತುವುದು ಇವೆಲ್ಲ ಮನೆ ಮುಟ್ಟುವವರೆಗಿನ ಉಪಾಯಗಳು. ಎಳೆಗಳು ಕೇವಲ ಬಾಗಿದ್ದರೆ ಅದೇ ಅಳತೆಯ ಟ್ಯಾಪನ್ನು ಕೈಯಿಂದ ಹಾಯಿಸಿದರೆ ಸಾಕು. ಕಿತ್ತುಬಂದಿದ್ದರೆ ಅಗಲವಾಗಿ ಕೊರೆದು ಒಂದಳತೆ ದೊಡ್ಡ ಪ್ಲಗ್ಗನ್ನು ಹಾಕಬಹುದು. ಆದರೆ ಸುತ್ತಲ ಗೋಡೆ ತೆಳುವಾಗುತ್ತದೆ, ಮುಂದಿನ ಬಾರಿಗೆ ಅವಕಾಶ ಉಳಿಯುವುದಿಲ್ಲ. ಎಲ್ಲಕ್ಕಿಂತ ಮೇಲಾದುದು, ಮೂಲ ಪ್ಲಗ್ಗನ್ನೇ ಉಳಿಸಿಕೊಂಡು ರಂಧ್ರಕ್ಕೆ ಹೊಸ ಎಳೆ ಕೂಡಿಸುವ ಕ್ರಮ. ಉಕ್ಕಿನ ತಂತಿಯ ಸುರುಳಿಯಾದ ಹೆಲಿಕಾಯಿಲ್ ಇದಕ್ಕೆ ದೊರೆಯುತ್ತದೆ. ರಂಧ್ರವನ್ನು ಅದರ ಜೊತೆಗೆ ಬರುವ ಡ್ರಿಲ್ಲಿನಿಂದ ನೇರವಾಗಿ ಕೊರೆದು, ವಿಶೇಷ ಟ್ಯಾಪಿನಿಂದ ಎಳೆ ತೆಗೆದು, ಸುರುಳಿಯನ್ನು ಅಂಚಿನಿಂದ ತುಸು ಒಳಕ್ಕೆ ಕೂರಿಸಬೇಕು. ಅದರ ಕೊನೆಯ ಕೊಕ್ಕೆಯನ್ನು ಮುರಿದು ತೆಗೆಯುವಾಗ ಅದು ಗೇರಿನೊಳಗೆ ಬೀಳದಂತೆ ಎಚ್ಚರ ವಹಿಸತಕ್ಕದ್ದು. ಸುರುಳಿಯ ಸಂದಿನಲ್ಲಿ ಎಣ್ಣೆ ಜಿನುಗಬಹುದಾದ್ದರಿಂದ ಹೊರಮೈಗೆ ಎಣ್ಣೆ ನಿಲ್ಲಿಸುವ ಸೀಲೆಂಟ್ ಸವರುವುದು ಒಳಿತು. ಗೋಡೆ ದಪ್ಪವಿದ್ದಲ್ಲಿ, ಲೇತಿನಲ್ಲಿ ಒಳಗೂ ಹೊರಗೂ ಥ್ರೆಡ್ ತೆಗೆಸಿದ ಬುಷ್ಷು ಇನ್ನೂ ಭದ್ರ.

ಎಣ್ಣೆಯನ್ನು ಪೂರ್ಣವಾಗಿ ಇಳಿಸಿ, ತಳ ಕಾಣುವಂತೆ ಯಂತ್ರವನ್ನು ಓರೆಯಾಗಿಸಿ, ಮರದ ತುಂಡುಗಳ ಆಸರೆ ಕೊಟ್ಟ ಬಳಿಕವೇ ಕೆಲಸಕ್ಕೆ ತೊಡಗಬೇಕು. ಟ್ಯಾಪಿನ ಗಾಡಿಗಳಿಗೆ ಗ್ರೀಸು ತುಂಬಿದರೆ ಲೋಹದ ಚೂರುಗಳು ಅದರಲ್ಲೇ ಅಂಟಿಕೊಳ್ಳುತ್ತವೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಆಗಾಗ ಹೊರತೆಗೆದು ಒರೆಸಿ ಹೊಸ ಗ್ರೀಸು. ಅಲ್ಯೂಮಿನಿಯಂ ಚೂರನ್ನು ಆಯಸ್ಕಾಂತ ಹಿಡಿಯದಾದ್ದರಿಂದ, ಮೇಲಿನ ದ್ವಾರದಿಂದ ಡೀಸೆಲ್ ಸುರಿದು ಎರಡು ಮೂರು ಸಲ ತೊಳೆಯುವುದು ಅನಿವಾರ್ಯ.

ಹೊಸ ವಾಷರಿನೊಡನೆ ಪ್ಲಗ್ಗನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿದು, ಟಿಲ್ಲರಿಗೆ ಮೇಲಿನಿಂದ ಅಳತೆಯಂತೆ ಎಣ್ಣೆ ತುಂಬಬೇಕು. ದೋಣಿಯ ಯಂತ್ರದಲ್ಲಿ ಇದು ತಲೆಕೆಳಗು: ಕೆಳಗಿನ ರಂಧ್ರದಿಂದ ಒತ್ತಿದ ಎಣ್ಣೆ ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದೆ ಕಾಣಿಸಿಕೊಂಡಾಗ ಮೊದಲು ಮೇಲಿನ ಪ್ಲಗ್ಗು, ಅನಂತರ ಕೆಳಗಿನದು. ತೆಗೆದ ಎಣ್ಣೆಯನ್ನೂ ತೊಳೆದ ಡೀಸೆಲನ್ನೂ ಡಬ್ಬಿಯಲ್ಲಿ ಹಿಡಿದಿಡಬೇಕು. ಗದ್ದೆಯ ಬದುವಿನಲ್ಲಿ ಚೆಲ್ಲಿದ್ದು ಲೋಕಪಾವನಿಗೇ ಸೇರುತ್ತದೆ. ಯಂತ್ರದಡಿ ಒಂದು ಬಿಳಿಯ ಕಾಗದವನ್ನು ಹಾಸಿ ರಾತ್ರಿ ಬಿಡುವುದು, ಕೆಸರಿನಲ್ಲಿ ಒಂದು ದಿನ ದುಡಿಸಿದ ಮೇಲೆ ಮತ್ತೊಮ್ಮೆ ಎಣ್ಣೆಯ ಬಣ್ಣವನ್ನು ನೋಡುವುದು, ಇವಿಷ್ಟೇ ಉಳಿದ ಕೆಲಸ.