ಹರಳಿನೊಳಗಣ ಕಾಕಪಾದ

ಬೆಂಗಳೂರಿನ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಾಗಲಿ, ವಿಜಯನಗರದ ಮಾರುತಿ ಮಂದಿರದ ಆಸುಪಾಸಿನಲ್ಲಾಗಲಿ, ಒಡವೆಯಂಗಡಿಯ ಗಾಜಿನ ಬಾಗಿಲನ್ನು ನೂಕಿ ಒಳಹೊಕ್ಕು ವಜ್ರದ ಓಲೆ ತೋರಿಸಿರೆಂದು ಕೇಳಿದವರಿಗೆ, ಓಲೆಯು ಕಣ್ಣಿಗೆ ಬೀಳುವುದಕ್ಕೆ ಮೊದಲೇ ಕಿವಿಗೆ ಬೀಳುವುದು ಕೆಲವು ಇಂಗ್ಲಿಷ್ ಅಕ್ಷರಗಳು. 'ಇಎಫ್, ವಿವಿಎಸ್, ಅಮ್ಮಾ. ಐಜಿಐ ಸರ್ಟಿಫಿಕೇಟೂ ಇದೆ' ಎಂದು ಅಂಗಡಿಯ ಯುವಕನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ಮದುವೆಯ ಹುಡುಗಿ ಬೆಲೆಯ ಚೀಟಿಯನ್ನು ತಿರುಗಿಸಿ ನೋಡುತ್ತಾಳೆ. ಪಕ್ಕದಲ್ಲಿ ಕುಳಿತ ಅಜ್ಜಿ ಮಾತ್ರ ಅಕ್ಷರಗಳ ಗೊಡವೆಗೇ ಹೋಗದೆ, 'ಹರಳಲ್ಲಿ ದೋಷಗೀಷ ಏನೂ ಇಲ್ಲ ತಾನೇನಪ್ಪಾ? ಮೂರು ದಿವಸ ಮನೇಲಿಟ್ಕೊಂಡು ನೋಡಿ ಆಮೇಲೆ ತಗೋಬಹುದಾ?' ಎಂದು ಕೇಳುತ್ತಾರೆ. ವಜ್ರವು ಎಲ್ಲರಿಗೂ ಆಗಿಬರುವುದಿಲ್ಲ, ದಿಂಬಿನ ಕೆಳಗಿಟ್ಟು ಮಲಗಿದಾಗ ಕೆಟ್ಟ ಕನಸು ಬಿದ್ದರೆ ಹಿಂದಿರುಗಿಸತಕ್ಕದ್ದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಉಂಟು. ಕನಸಿನ ಸಾಕ್ಷ್ಯದಲ್ಲಿ ನನಗೆ ಶ್ರದ್ಧೆಯಿಲ್ಲ. ಆದರೆ ಅಜ್ಜಿಯ ದೋಷವೂ ಯುವಕನ ವಿವಿಎಸ್ಸೂ ಒಂದೇ ವಂಶದ ಮಾತುಗಳು. ಎರಡರಲ್ಲಿ ಯಾವುದನ್ನೂ ಕಣ್ಣುಮುಚ್ಚಿ ನಂಬದೆ ಹರಳನ್ನೇ ನೋಡಲು ಕಲಿತವರಿಗೆ ಹಣವೂ ಉಳಿಯುತ್ತದೆ, ಭಯವೂ ಕಳೆಯುತ್ತದೆ.

ವಜ್ರದ ಒಳಗನ್ನು ಪರೀಕ್ಷಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಪರೀಕ್ಷೆಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ರಾಜನ ಕೋಶವನ್ನು ಕುರಿತು ಹೇಳುವಾಗ ರತ್ನಗಳ ಗುಣದೋಷವಿಚಾರವೂ ಬರುತ್ತದೆ. ಕಾಗೆಯ ಕಾಲಿನ ಗುರುತಿನಂತೆ ಕವಲೊಡೆದ ಕಾಕಪಾದ, ಚುಕ್ಕೆಯ ಬಿಂದು, ಗೀರಿನ ರೇಖೆ, ಜವೆಗೋದಿಯ ಆಕಾರದ ಯವ ಎಂದು ರತ್ನಶಾಸ್ತ್ರಜ್ಞರು ಹೆಸರಿಟ್ಟ ಈ ದೋಷಗಳನ್ನು, ಧರಿಸುವವರ ಆಯುರಾರೋಗ್ಯಗಳಿಗೆ ಗಂಟುಹಾಕಿದ್ದನ್ನು ಬದಿಗಿಟ್ಟು ನೋಡಿದರೆ, ಅವರ ದೃಷ್ಟಿ ಎಷ್ಟು ಸೂಕ್ಷ್ಮವಾಗಿತ್ತೆಂಬುದು ತಿಳಿಯುತ್ತದೆ: ಇಂದಿನ ಪ್ರಯೋಗಶಾಲೆಗಳು ಗರಿ, ಚುಕ್ಕೆ, ಹರಳು, ಸೂಜಿ ಎಂದು ಗುರುತಿಸುವುದೂ ಬಹುಮಟ್ಟಿಗೆ ಇವುಗಳನ್ನೇ.

ವಿಜಯನಗರ ಬಡಾವಣೆಯವರಿಗೂ ಅದರ ಮಗ್ಗುಲಿನ ಹಂಪಿನಗರದವರಿಗೂ ತಮ್ಮ ಊರಿನ ಹೆಸರಿಗೆ ಒಪ್ಪುವ ಒಂದು ಸಂಗತಿ ಇಲ್ಲಿದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಜಧಾನಿಯ ಬೀದಿಯೊಂದರಲ್ಲಿ ಕೆಂಪು, ವಜ್ರ, ಪಚ್ಚೆ, ಮುತ್ತುಗಳನ್ನು ಮಾರುವ ವರ್ತಕರಿದ್ದರೆಂದು ಬರೆದಿಟ್ಟಿದ್ದಾನೆ. ಇಂದು ಅನಂತಪುರ ಜಿಲ್ಲೆಗೆ ಸೇರಿರುವ ವಜ್ರಕರೂರು ಆ ಸಾಮ್ರಾಜ್ಯದ ಎಲ್ಲೆಯೊಳಗೇ ಇತ್ತು. ಆ ಸೀಮೆಯಲ್ಲಿಯೂ ನೆರೆಯ ಕರ್ನೂಲಿನ ಜೊನ್ನಗಿರಿ, ತುಗ್ಗಲಿಗಳ ಹೊಲಗಳಲ್ಲಿಯೂ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜನ ಇಂದಿಗೂ ನೆಲ ನೋಡುತ್ತ ವಜ್ರ ಹುಡುಕುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಫ್ರೆಂಚ್ ರತ್ನವ್ಯಾಪಾರಿ ಟಾವೆರ್ನಿಯೆ ಅದೇ ಸೀಮೆಯ, ಆಗ ಬಿಜಾಪುರದ ಸುಲ್ತಾನರ ಅಧೀನದಲ್ಲಿದ್ದ ರಾಮಳ್ಳಕೋಟೆಯ ಗಣಿಗೆ ಬಂದು ಕಂಡ ಎರಡು ವಿಷಯಗಳು ಗಿರಾಕಿಗಳಿಗೆ ಇಂದಿಗೂ ಪಾಠವಾಗತಕ್ಕವು. ಐರೋಪ್ಯರು ಹಗಲಿನಲ್ಲಿ ಹರಳು ನೋಡಿದರೆ, ಇಲ್ಲಿಯವರು ಗೋಡೆಯಲ್ಲಿ ಚೌಕಾಕಾರದ ಗೂಡು ಮಾಡಿ, ದಪ್ಪ ಬತ್ತಿಯ ದೀಪವನ್ನಿಟ್ಟು, ರಾತ್ರಿಯ ಹೊತ್ತು ಅದರ ಬೆಳಕಿಗೆ ಹರಳನ್ನು ಬೆರಳುಗಳಲ್ಲಿ ಹಿಡಿದು ಅದರ ನೀರನ್ನೂ ನೈರ್ಮಲ್ಯವನ್ನೂ ನಿರ್ಣಯಿಸುತ್ತಿದ್ದರು. ಎರಡನೆಯದು ಇನ್ನೂ ಸ್ವಾರಸ್ಯವಾದದ್ದು. ಹರಳು ಶುದ್ಧವಾಗಿದ್ದರೆ ಸಾಣೆಗಾರನು ತೂಕ ಕಳೆಯುವ ಭಯದಿಂದ ಅದನ್ನು ಸ್ವಲ್ಪ ಉಜ್ಜಿ ಬಿಟ್ಟುಬಿಡುತ್ತಿದ್ದನು. ಒಳಗೆ ಕಪ್ಪು ಕೆಂಪು ಕಣಗಳಿದ್ದರೆ ಅವು ಕಾಣದಿರಲೆಂದು ಮೈತುಂಬ ಪಟ್ಟೆಗಳನ್ನು ಕಡೆಯುತ್ತಿದ್ದನು. ಥಳಥಳಿಸುವ ಪಟ್ಟೆಗಳು ಒಳಗಿನ ಕಲೆಯನ್ನು ಮರೆಮಾಚಬಲ್ಲವೆಂಬ ರಹಸ್ಯ ನಿನ್ನೆ ಮೊನ್ನೆಯದಲ್ಲ.

ಈಗಿನ ಅಕ್ಷರಗಳ ಮೂಲ ಅಮೆರಿಕದಲ್ಲಿದೆ. ರಾಬರ್ಟ್ ಶಿಪ್ಲಿ 1931ರಲ್ಲಿ ಸ್ಥಾಪಿಸಿದ ಜಿಐಎ ಎಂಬ ರತ್ನವಿಜ್ಞಾನ ಸಂಸ್ಥೆಯು, ಎರಡು ದಶಕಗಳ ತರುವಾಯ ರಿಚರ್ಡ್ ಲಿಡಿಕೋಟ್ ಅವರ ನೇತೃತ್ವದಲ್ಲಿ ರೂಪಿಸಿದ ಕ್ರಮವೇ ಇಂದು ಬಸವೇಶ್ವರನಗರದಿಂದ ಕೆಂಗೇರಿಯವರೆಗಿನ ಎಲ್ಲ ಅಂಗಡಿಗಳ ಭಾಷೆಯಾಗಿದೆ. ಇಎಫ್ ಎಂಬುದು ಬಣ್ಣದ ಮಾತು; ಕ್ಲಾರಿಟಿಗೆ, ಎಂದರೆ ಹರಳಿನ ನೈರ್ಮಲ್ಯಕ್ಕೆ, ಒಟ್ಟು 11 ದರ್ಜೆಗಳು: ಒಳಗೂ ಹೊರಗೂ ನಿಷ್ಕಳಂಕವಾದ ಎಫ್‌ಎಲ್, ಒಳಗೆ ನಿಷ್ಕಳಂಕವಾದ ಐಎಫ್, ಬಳಿಕ ಎರಡೆರಡು ಮೆಟ್ಟಿಲುಗಳ ವಿವಿಎಸ್, ವಿಎಸ್, ಎಸ್‌ಐ, ಕೊನೆಗೆ ಮೂರು ಮೆಟ್ಟಿಲುಗಳ ಐ. ಇವೆಲ್ಲವೂ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದ ಮೂಲಕ ನುರಿತ ಕಣ್ಣೊಂದು ಕೊಡುವ ತೀರ್ಪುಗಳೇ ಹೊರತು, ತಕ್ಕಡಿಯಲ್ಲಿ ತೂಗಿದ ಲೆಕ್ಕಗಳಲ್ಲ. ಆದಕಾರಣ ಒಂದೇ ಹರಳಿಗೆ ಎರಡು ಪ್ರಯೋಗಶಾಲೆಗಳು ಒಂದು ಮೆಟ್ಟಿಲು ಹೆಚ್ಚುಕಡಮೆ ಹೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ವಿವಿಎಸ್ ಎಂದರೆ ಹತ್ತುಪಟ್ಟಿನಲ್ಲಿಯೂ ನುರಿತವರಿಗೇ ಕಷ್ಟದಿಂದ ಕಾಣುವಂಥ ಕಣ. ವಿಎಸ್ ಎಂದರೆ ಮಸೂರದಲ್ಲಿ ಕಂಡರೂ ಬರಿಗಣ್ಣಿಗೆ ಕಾಣದ್ದು. ಹಾಗಾದರೆ ಕಿವಿಯಲ್ಲಿಟ್ಟು ತಿರುಗಾಡುವ ಹರಳಿನಲ್ಲಿ ಇವೆರಡರ ನಡುವಣ ಅಂತರವನ್ನು ಕಾಣುವವರಾರು? ಕಾಗದ ಮಾತ್ರ ಕಾಣುತ್ತದೆ, ಬೆಲೆ ಕಾಣುತ್ತದೆ.

ಅಂಗಡಿಯಲ್ಲಿ ಲೂಪ್, ಎಂದರೆ ಆ ಹತ್ತುಪಟ್ಟಿನ ಮಸೂರವನ್ನು, ಕೇಳಿ ಪಡೆಯಲು ಸಂಕೋಚಪಡಬಾರದು. ಮಸೂರವನ್ನು ಕಣ್ಣಿಗೆ ಹತ್ತಿಸಿ, ಹರಳನ್ನು ಅದರಿಂದ ಒಂದಂಗುಲದಷ್ಟು ದೂರದಲ್ಲಿ ಹಿಡಿದು, ಮೊಣಕೈಗಳನ್ನು ಮೇಜಿನ ಮೇಲೆ ಊರಿದರೆ ನಡುಕ ನಿಲ್ಲುತ್ತದೆ. ಮೊದಲಿಗೆ ಬೆಳಕಿನ ಗೊಂದಲವಲ್ಲದೆ ಮತ್ತೇನೂ ಕಾಣದು. ಕ್ರಮೇಣ ಮೇಲಿನ ಅಗಲವಾದ ಪಟ್ಟೆಯ ಮೂಲಕ ಒಳಗಿನ ಆಳ ತೆರೆದುಕೊಂಡು, ಎಲ್ಲೋ ಒಂದು ಬಿಳಿಯ ಎಳೆ, ಅಥವಾ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಕಪ್ಪು ಕಣ ಗೋಚರಿಸುತ್ತದೆ. ಹರಳನ್ನು ತುಸು ಓರೆಮಾಡಿದರೆ ಅದೇ ಕಣ ನಾಲ್ಕೈದು ಕಡೆ ಕಾಣುವುದುಂಟು, ಏಕೆಂದರೆ ಕೆಳಗಿನ ಪಟ್ಟೆಗಳು ಕನ್ನಡಿಗಳಾಗಿ ಅದನ್ನು ಪ್ರತಿಬಿಂಬಿಸುತ್ತವೆ. ನಟ್ಟನಡುವಿನ ಒಂದು ಕಣವು ಅಂಚಿನ ಮೂರು ಕಣಗಳಿಗಿಂತ ಹೆಚ್ಚು ಕೆಡುಕೆನಿಸುವುದು ಇದರಿಂದಲೇ. ಅಂಚಿನಲ್ಲಿರುವುದು ಗರಿ, ಎಂದರೆ ಒಳಬಿರುಕು, ಆಗಿದ್ದರೆ ವಿಚಾರವೇ ಬೇರೆ: ಕೂರಿಸುವಾಗ ಚಿನ್ನದ ಮುಳ್ಳು ಅಲ್ಲಿಯೇ ಒತ್ತಿದರೆ ಹರಳು ಸೀಳಿ ಹೋಗಬಹುದು. ಇಂಥ ಬಿರುಕುಗಳಲ್ಲಿ ಗಾಜಿನಂಥ ದ್ರವ್ಯವನ್ನು ತುಂಬಿ ಕಾಣದಂತೆ ಮಾಡುವ ಉಪಾಯವೂ ಬಳಕೆಯಲ್ಲಿದೆ. ಅಕ್ಕಸಾಲಿಗನ ಊದುಗೊಳವೆಯ ಜ್ವಾಲೆಯ ಮುಂದೆ ಆ ಉಪಾಯ ನಿಲ್ಲದು. ಅಜ್ಜಿ ಹೆದರಬೇಕಾದ ಕಾಕಪಾದ ಯಾವುದಾದರೂ ಇದ್ದರೆ ಅದು ಇದು.

ನಮ್ಮ ಕಡೆಯ ಏಳು ಹರಳಿನ ಓಲೆಯ ವಿಷಯದಲ್ಲಿ ಈ ವಿವೇಚನೆ ಇನ್ನೂ ಅಗತ್ಯ. 100 ಸೆಂಟಿಗೆ ಒಂದು ಕ್ಯಾರೆಟ್, ಒಂದು ಕ್ಯಾರೆಟ್ಟಿಗೆ 200 ಮಿಲಿಗ್ರಾಂ. ಓಲೆಯ ಒಂದೊಂದು ಹರಳೂ ಕೆಲವೇ ಸೆಂಟುಗಳದ್ದು. ಹಳೆಯ ಪದ್ಧತಿಯಂತೆ ಹಿಂಭಾಗ ಮುಚ್ಚಿದ ಕಟ್ಟಡವಾದರೆ ಬೆಳಕು ಮೇಲಿನಿಂದಲೇ ಹೊಕ್ಕು ಮೇಲಿನಿಂದಲೇ ಹೊರಡಬೇಕು. ಅಲ್ಲಿ ಮುಖ್ಯವಾದದ್ದು ಕಟಿಂಗ್, ಮತ್ತು ಎರಡೂ ಓಲೆಗಳ ಹದಿನಾಲ್ಕು ಹರಳುಗಳ ಬಣ್ಣ ಗಾತ್ರಗಳ ಹೊಂದಾಣಿಕೆ. ವಿಎಸ್ ಹರಳನ್ನು, ಬರಿಗಣ್ಣಿಗೆ ಶುದ್ಧವಾಗಿರುವ ಎಸ್‌ಐ ಹರಳನ್ನೂ ಕೂಡ, ಒಳ್ಳೆಯ ಕಟಿಂಗಿನಲ್ಲಿ ಕೊಳ್ಳುವುದು, ಮಂಕಾದ ಕಟಿಂಗಿನ ವಿವಿಎಸ್ ಕೊಳ್ಳುವುದಕ್ಕಿಂತ ಜಾಣತನವೆಂದೇ ನನ್ನ ಅಭಿಪ್ರಾಯ. ಹಿರಿಯರು ಹಂಬಲಿಸುವ 'ಬ್ಲೂ ಜಾಗರ್' ಎಂಬ ವಜ್ರಕ್ಕೆ ಆ ಹೆಸರು ಬಂದದ್ದು ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೇನ್ ಗಣಿಯಿಂದ. ಆ ಗಣಿಯ ಕೆಲಸ 1971ರಲ್ಲಿಯೇ ನಿಂತುಹೋಯಿತು. ಇಂದು ಆ ಹೆಸರಿನಲ್ಲಿ ಮಾರುವ ಹೊಸ ಹರಳಿಗೆ ಬಿಳುಪಿನಲ್ಲಿ ತೇಲುವ ನೀಲಿಯ ಛಾಯೆ ಇರಬಹುದು, ಆ ಗಣಿಯ ಜನ್ಮಪತ್ರಿಕೆಯಂತೂ ಇರಲಾರದು.

ಹಾಲ್‌ಮಾರ್ಕಿನ ವಿಷಯದಲ್ಲಿ ಒಂದು ಭ್ರಮೆ ಬಹಳ ಜನರಲ್ಲಿದೆ. ವಜ್ರದ ಒಡವೆಗೆ ಸಾಮಾನ್ಯವಾಗಿ ಬಳಸುವ 18 ಕ್ಯಾರೆಟ್ ಚಿನ್ನದ ಮೇಲಿನ 750 ಎಂಬ ಸಂಖ್ಯೆಯೂ ಆರು ಅಕ್ಷರಾಂಕಗಳ ಹೆಚ್‌ಯುಐಡಿ ಎಂಬ ಗುರುತೂ ಚಿನ್ನದ ಶುದ್ಧತೆಗೆ ಸಾಕ್ಷಿಯೇ ಹೊರತು ಹರಳಿಗಲ್ಲ. ಐಜಿಐಯಂಥ ಪ್ರಯೋಗಶಾಲೆಗಳು ಕೊಡುವ ಹರಳಿನ ಪ್ರಮಾಣಪತ್ರದಲ್ಲಿಯೂ ತಾರತಮ್ಯವುಂಟು: ಬಿಡಿಹರಳಿಗೆ ಕೊಟ್ಟದ್ದು ನಿರ್ದಿಷ್ಟ ದರ್ಜೆಯನ್ನು ಹೇಳುತ್ತದೆ; ಕೂರಿಸಿದ ಒಡವೆಗೆ ಕೊಟ್ಟದ್ದು, ಚಿನ್ನವು ಹರಳಿನ ಒಂದಂಶವನ್ನು ಮುಚ್ಚಿರುವುದರಿಂದ, 'ವಿವಿಎಸ್-ವಿಎಸ್' ಎಂಬಂಥ ವ್ಯಾಪ್ತಿಯನ್ನಷ್ಟೇ ಹೇಳಬಲ್ಲುದು. ಅಂಗಡಿಯವನು ಆ ಎರಡರಲ್ಲಿ ಮೊದಲಿನದನ್ನು ಗಟ್ಟಿಯಾಗಿ ಉಚ್ಚರಿಸುವುದು ವ್ಯಾಪಾರಧರ್ಮ. ಅವನ ದೀಪಗಳೂ ಅವನ ಪಕ್ಷವೇ; ಓಲೆಯನ್ನು ಬಾಗಿಲ ಬಳಿಗೆ ತಂದು ನೆರಳಿನ ಹಗಲುಬೆಳಕಿನಲ್ಲಿ ಒಮ್ಮೆ ನೋಡಲೇಬೇಕು.

ರಾಜಾಜಿನಗರದಿಂದ ಬಹುದೂರವೇನಲ್ಲದ ಸದಾಶಿವನಗರದಲ್ಲಿ, 1948ರಲ್ಲಿ ತಾವೇ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ, ಸರ್ ಸಿ.ವಿ. ರಾಮನ್ ವಜ್ರಗಳ ಸಂಗ್ರಹವೊಂದನ್ನು ಇಟ್ಟಿದ್ದರು. ಬೆಲೆಯ ದೃಷ್ಟಿಯಿಂದಲ್ಲ, ಅವು ಅತಿನೇರಳೆ ಕಿರಣದಲ್ಲಿ ನೀಲಿ ಹಳದಿ ಹಸಿರಾಗಿ ಬೆಳಗುವ ಬೆರಗಿಗಾಗಿ. ಅವರ ತಮ್ಮ ಸಿ. ರಾಮಸ್ವಾಮಿ 1930ರಲ್ಲಿ ವಜ್ರದ ರಾಮನ್ ರೋಹಿತದಲ್ಲಿ ಗುರುತಿಸಿದ, 1332 ಎಂಬ ತರಂಗಸಂಖ್ಯೆಯ ರೇಖೆ ಇಂದು ವಜ್ರವನ್ನು ಅನ್ಯ ಹರಳುಗಳಿಂದ ಬೇರ್ಪಡಿಸಲು ಪ್ರಯೋಗಶಾಲೆಗಳಿಗೆ ಆಧಾರ. ಆದರೆ ಯಂತ್ರದಲ್ಲಿ ಬೆಳೆಸಿದ ಸಿವಿಡಿ ವಜ್ರವೂ ವಜ್ರವೇ ಆದುದರಿಂದ ಆ ರೇಖೆಯೊಂದೇ ಸಾಲದು. ಅಂಗಡಿಯ ಪೆನ್ನಿನಾಕಾರದ ಪರೀಕ್ಷಾಯಂತ್ರವಂತೂ ಅದನ್ನು ವಜ್ರವೆಂದೇ ಸಾರುತ್ತದೆ. ಬೆಳೆಸಿದ ವಜ್ರಗಳಲ್ಲಿ ಉಚ್ಚ ಕ್ಲಾರಿಟಿ ಸುಲಭಸಾಧ್ಯವಾದ ಮೇಲೆ, ಜಿಐಎ 2025ರಲ್ಲಿ ಅವುಗಳಿಗೆ ಈ ಮೆಟ್ಟಿಲುಗಳನ್ನೇ ಕೈಬಿಟ್ಟು ಎರಡೇ ವರ್ಗ ಮಾಡುವುದಾಗಿ ಸಾರಿತು. ಭೂಗರ್ಭದಲ್ಲಿ ಸುಮಾರು ನೂರು ಮೈಲಿ ಆಳದಿಂದ ಬಂದ ಹರಳಿಗಾದರೋ ಒಳಗಿನ ಕಣವೇ, ತನ್ನೊಡನೆ ಸಿಕ್ಕಿಕೊಂಡು ಬಂದ ಮಾಣಿಕ್ಯಬಣ್ಣದ ಗಾರ್ನೆಟ್ಟೇ, ತವರಿನ ಗುರುತು.

ಆ ಕಣದಿಂದ ಗೃಹಿಣಿಗೊಂದು ಉಪಯೋಗವೂ ಉಂಟು. ಅಜ್ಜಿಯ ಓಲೆಯನ್ನು ಮುರಿಸಿ ಮೊಮ್ಮಗಳಿಗೆ ಉಂಗುರ ಮಾಡಿಸುವಾಗ, ಹರಳುಗಳನ್ನು ಕಳಚಿದೊಡನೆ ಒಂದೊಂದನ್ನೂ ತೂಗಿಸಿ, ದೊಡ್ಡ ಹರಳುಗಳಲ್ಲಿ ಯಾವ ಕಲೆ ಎಲ್ಲಿದೆಯೆಂದು ಚೀಟಿಯಲ್ಲಿ ಗುರುತು ಹಾಕಿಸಿಕೊಂಡರೆ, ಒಡವೆ ಹಿಂದಿರುಗಿದಾಗ ಅದೇ ಹರಳು ಬಂದಿದೆಯೆ ಎಂದು ಲೂಪ್ ಹಿಡಿದು ತಾಳೆ ನೋಡಬಹುದು. ನಿಷ್ಕಳಂಕ ಹರಳಿಗೆ ಈ ಅನುಕೂಲವಿಲ್ಲ.