ಬೀಸುವ ಕಲ್ಲಿನ ಮುಂದಿನ ಧ್ಯಾನ: ಜನಪದ ಅನುಭಾವದ ಒಂದು ನೆಲೆ

ಕನ್ನಡದಲ್ಲಿ ‘ಅನುಭವ’ ಮತ್ತು ‘ಅನುಭಾವ’ ಎಂಬ ಎರಡು ಪದಗಳ ನಡುವೆ ಇರುವುದು ಒಂದು ದೀರ್ಘಸ್ವರದ ಅಂತರ. ಕಣ್ಣು, ಕಿವಿ, ಕೈಗಳಿಗೆ ನೇರವಾಗಿ ಎದುರಾದುದನ್ನು ಮೊದಲನೆಯದು ಹೇಳಿದರೆ, ಅದರಿಂದ ಒಳಗೆ ಮೂಡುವ ಅರಿವನ್ನು ಎರಡನೆಯದು ಸೂಚಿಸುತ್ತದೆ. ಸಾಹಿತ್ಯಚರ್ಚೆಯಲ್ಲಿ ಅನುಭಾವವು ಬಹುಮಟ್ಟಿಗೆ ಶರಣರು, ದಾಸರು, ಅವಧೂತರು ಏರಿದ ನಿಲುವೆಂದೇ ಪರಿಗಣಿತವಾಗಿದೆ. ಅಡುಗೆಮನೆ, ಹೊಲ, ಕೊಟ್ಟಿಗೆಗಳಲ್ಲಿ ಬಾಳು ಸವೆಸಿದವರಿಗೆ ಅದು ದಕ್ಕಿತ್ತೇ ಎಂಬ ಪ್ರಶ್ನೆ ಎದ್ದುದು ಕಡಿಮೆ. ಬೀಸುವ ಪದಗಳನ್ನು ಅವುಗಳ ಹಾಡಿಕೆಯ ಸಂದರ್ಭದಲ್ಲಿಟ್ಟು ಪರಿಶೀಲಿಸಿದಾಗ ಈ ಪ್ರಶ್ನೆಗೆ ಉತ್ತರದ ಹೊಳಹು ದೊರೆಯುತ್ತದೆ.

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನೂ ಧ್ಯಾನವನ್ನೂ ಬೇರ್ಪಡಿಸಲಿಲ್ಲ. ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನು ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗ ಜಾರಿಬಿದ್ದರೂ ಕೆಲಸ ನಿಲ್ಲಿಸಲಿಲ್ಲವೆಂಬ ಐತಿಹ್ಯ ಪ್ರಸಿದ್ಧವಾದುದು. ಕೈಗೆ ಬಂದ ಕೆಲಸದಲ್ಲಿ ಪೂರ್ಣವಾಗಿ ಇರುವುದೇ ಪೂಜೆ ಎಂಬುದು ಇದರ ತಾತ್ಪರ್ಯ. ಮುಂದೆ ಶಿಶುನಾಳ ಶರೀಫರು (1819–1889) ತಮ್ಮ ತತ್ತ್ವಪದಗಳಲ್ಲಿ ದಿನಬಳಕೆಯ ವಸ್ತುಗಳನ್ನೇ ಅರಿವಿನ ದಾರಿಯಾಗಿಸಿದರು. ಸೋರುವ ಮಾಳಿಗೆಯ ಅವರ ಪದವು ಮಣ್ಣಿನ ಮಾಳಿಗೆಯ ಮನೆಗಳಿರುವ ಸೀಮೆಯಲ್ಲಿ ಹುಟ್ಟಿತೆಂಬುದು ಗಮನಾರ್ಹ. ಮಳೆಗಾಲದ ರಾತ್ರಿ ಎದ್ದು, ಹನಿಯುವ ಕಡೆ ಪಾತ್ರೆಯಿಟ್ಟು ಕುಳಿತವನಿಗೆ ಆ ಪದದ ತತ್ತ್ವವನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಚಂದಯ್ಯನಿಗೆ ಶರಣರ ಸಂಗವಿತ್ತು, ಶರೀಫರಿಗೆ ಗುರು ಗೋವಿಂದಭಟ್ಟರಿದ್ದರು. ಬೆಳಗಿನ ಜಾವ ಬೀಸಲು ಕುಳಿತ ಗೃಹಿಣಿಗೆ ಇದ್ದುದು ಒಂದು ಕಲ್ಲು ಮಾತ್ರ.

ಬೀಸುವ ಕಲ್ಲಿನ ರಚನೆ ಸರಳವಾದುದು. ಕೆಳಗಿನ ಕಲ್ಲು ಸ್ಥಿರ. ನಡುವಿನ ಕೀಲಿನ ಸುತ್ತ ಮೇಲಿನ ಕಲ್ಲು ತಿರುಗುತ್ತದೆ. ಒಂದು ಕೈ ಗೂಟ ಹಿಡಿದು ತಿರುಗಿಸಿದರೆ, ಇನ್ನೊಂದು ಕೈ ಕಲ್ಲಿನ ಬಾಯಿಗೆ ಕಾಳು ಹಾಕುತ್ತದೆ. ಕಾಳು ಹೆಚ್ಚಾದರೆ ಹಿಟ್ಟು ತರಿಯಾಗುತ್ತದೆ. ತೀರ ಕಡಿಮೆಯಾದರೆ ಕಲ್ಲಿಗೆ ಕಲ್ಲು ಉಜ್ಜಿ ಹಿಟ್ಟಿನಲ್ಲಿ ಮರಳು ಸೇರುತ್ತದೆ. ಕತ್ತಲೆಯಲ್ಲಿ ಕಣ್ಣಿನ ನೆರವು ಅಷ್ಟಾಗಿ ಇಲ್ಲ. ಕಲ್ಲಿನ ಸದ್ದು, ಗೂಟದ ಭಾರ, ಬೆರಳಿಗೆ ತಾಗುವ ಹಿಟ್ಟಿನ ನುಣುಪು ಇವೇ ದಾರಿತೋರುಗಗಳು. ಆದ್ದರಿಂದ ಬೀಸುವಿಕೆಯು ಯಾಂತ್ರಿಕ ಕೆಲಸವೆಂದು ತೋರಿದರೂ ಎಡೆಬಿಡದ ಎಚ್ಚರವನ್ನು ಬೇಡುತ್ತದೆ.

ಈ ಎಚ್ಚರಕ್ಕೆ ಆಸರೆಯಾಗಿ ನಿಂತ ಛಂದಸ್ಸು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯ ಇತಿಹಾಸವುಳ್ಳ ಈ ಅಂಶಛಂದಸ್ಸಿನಲ್ಲಿ ಮೂರು ಸಾಲುಗಳಿಗೆ ಹನ್ನೊಂದು ಗಣಗಳಿವೆ. ಬರೆದಾಗ ಮೂರು ಸಾಲಾಗಿರುವ ಪದವು ಹಾಡುವಾಗ ಎರಡನೆಯ ಸಾಲಿನ ಆವರ್ತನೆಯಿಂದ ನಾಲ್ಕಾಗಿ ಹಿಗ್ಗುತ್ತದೆ. ಹೇಳಿದುದನ್ನು ಮತ್ತೊಮ್ಮೆ ಹೇಳುವ ಈ ಬಿಡುವಿನಲ್ಲಿ ಉಸಿರು ನೆಲೆಗೊಳ್ಳುತ್ತದೆ, ಮುಂದಿನ ಮಾತು ಒದಗುತ್ತದೆ. ಅಂಶಗಣಗಳು ಎಳೆತಕ್ಕೂ ಕುಗ್ಗುವಿಕೆಗೂ ಎಡೆಗೊಡುವುದರಿಂದ ಹಾಡು ಕಲ್ಲಿನ ಗತಿಗೆ ಹೊಂದಿಕೊಳ್ಳುತ್ತದೆ. ಹೀಗೆ ತೋಳಿನ ಸುತ್ತು, ಉಸಿರಿನ ಏರಿಳಿತ, ಪದದ ಲಯ ಮೂರೂ ಒಂದಾಗುತ್ತವೆ.

ಪತಂಜಲಿಯ ಯೋಗಸೂತ್ರವು ಒಂದೇ ವಿಷಯದತ್ತ ಎಡೆಬಿಡದೆ ಹರಿಯುವ ಚಿತ್ತವನ್ನು ಧ್ಯಾನವೆನ್ನುತ್ತದೆ. ಬೀಸುವವಳ ಮನಸ್ಸು ಹಾಗೆ ನಿಲ್ಲುವುದಿಲ್ಲ. ಅದು ತವರಿಗೆ ಹೋಗುತ್ತದೆ, ಅಣ್ಣನನ್ನು ನೆನೆಯುತ್ತದೆ, ತೊಟ್ಟಿಲ ಕೂಸಿನ ಬಳಿ ಸುಳಿಯುತ್ತದೆ, ಅತ್ತೆಮನೆಯ ನೋವನ್ನು ಮುಟ್ಟುತ್ತದೆ. ಆದರೆ ಪ್ರತಿ ಹಿಡಿ ಕಾಳಿಗೂ ಅದು ಕಲ್ಲಿಗೆ ಮರಳಲೇಬೇಕು. ಹೋಗಿ ಹೋಗಿ ಮರಳುವ ಈ ಕ್ರಮವೇ ಇಲ್ಲಿನ ಸಾಧನೆ. ಕಲ್ಲನ್ನೇ ಸಂಬೋಧಿಸುವ ಪದಗಳು ಈ ಪ್ರಕಾರದಲ್ಲಿ ಹೇರಳವಾಗಿರುವುದು ಆಕಸ್ಮಿಕವಲ್ಲ. ತುಂಬಿದ ಮನೆಯಲ್ಲಿ ಯಾರೊಡನೆಯೂ ಆಡಲಾಗದ ಮಾತನ್ನು ಆಡಲು ಆಕೆಗಿದ್ದ ಏಕಾಂತವೆಂದರೆ ಅದೊಂದೇ. ಎದೆಯೊಳಗಿದ್ದಾಗ ಆಳುತ್ತಿದ್ದ ದುಃಖವು ತ್ರಿಪದಿಯ ಅಳತೆಗೆ ಇಳಿದಾಗ ಎದುರಿಗೆ ಬಂದು ನಿಲ್ಲುತ್ತದೆ. ಆಕೆ ಅದನ್ನು ನೋಡಬಲ್ಲವಳಾಗುತ್ತಾಳೆ. ತನ್ನ ನೋವನ್ನು ತಾನೇ ಸಾಕ್ಷಿಯಾಗಿ ಕಾಣುವ ಈ ಘಳಿಗೆಯಲ್ಲಿ ಅನುಭವವು ಅನುಭಾವದ ಹೊಸ್ತಿಲನ್ನು ಮುಟ್ಟುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬೀಸುವುದು ಆಯ್ದುಕೊಂಡ ಕಾಯಕವಾಗಿರಲಿಲ್ಲ; ಹೆಣ್ಣಿನ ಮೇಲೆ ಹೇರಿದ, ನಿದ್ದೆಗೆಡಿಸುವ ದುಡಿಮೆಯಾಗಿತ್ತು. ಹಿಟ್ಟಿನ ಗಿರಣಿ ಊರಿಗೆ ಬಂದಾಗ ಅದನ್ನು ಸ್ವಾಗತಿಸಿದ ಮಹಿಳೆಯರ ನಿಲುವು ಸರಿಯಾದುದೇ. ಪದಗಳ ಸೊಬಗಿಗೆ ಮನಸೋತು ಆ ಶ್ರಮವನ್ನು ವೈಭವೀಕರಿಸುವುದು ಹಾಡಿದವಳಿಗೆ ಮಾಡುವ ಅನ್ಯಾಯವಾದೀತು. ಕಲ್ಲು ಅರಿವನ್ನು ಕೊಡಲಿಲ್ಲ. ಕಲ್ಲಿನ ಭಾರದ ನಡುವೆಯೂ ಆಕೆ ಅರಿವನ್ನು ಗಳಿಸಿಕೊಂಡಳು. ಈ ವ್ಯತ್ಯಾಸವನ್ನು ಅಧ್ಯಯನಕಾರರು ಮರೆಯಲಾಗದು.

ಈ ಪದಗಳ ಒಳತಿರುಳನ್ನು ಮೊದಲಿಗೆ ಮನಗಂಡವರಲ್ಲಿ ಹಲಸಂಗಿ ಗೆಳೆಯರು ಪ್ರಮುಖರು. 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಕನ್ನಡ ಜಾನಪದ ಸಂಗ್ರಹದ ಮೈಲಿಗಲ್ಲು. ಆ ಬಳಗದ ಮಧುರಚೆನ್ನರು (1903–1953) ಸ್ವತಃ ಆತ್ಮಸಾಧಕರಾಗಿದ್ದರು. ಶ್ರೀ ಅರವಿಂದರ ಯೋಗಮಾರ್ಗಕ್ಕೆ ಒಲಿದಿದ್ದರು. ‘ಕಾಳರಾತ್ರಿ’, ‘ಬೆಳಗು’ ಮುಂತಾದ ಕೃತಿಗಳಲ್ಲಿ ತಮ್ಮ ಸಾಧನೆಯ ಸಂಕಟ ಮತ್ತು ಕಾಣ್ಕೆಗಳನ್ನು ದಾಖಲಿಸಿದರು. ಅಂತಹ ಸಾಧಕರು ಗರತಿಯರ ಪದಗಳಿಗೆ ಕಿವಿಗೊಟ್ಟುದು ಅರ್ಥಪೂರ್ಣ. ಪಂಡಿತರು ಹಳ್ಳಿಯ ಹಾಡೆಂದು ಬದಿಗಿರಿಸಿದ್ದರಲ್ಲಿ ಅವರಿಗೆ ಒಡನಾಡಿ ದನಿ ಕೇಳಿಸಿರಬೇಕು.

ಇಂದು ಬೀಸುವ ಕಲ್ಲುಗಳು ಬಹುತೇಕ ಮನೆಗಳಲ್ಲಿ ಮೂಲೆಗೆ ಸರಿದಿವೆ. ಪದಗಳು ಸಂಪುಟಗಳಲ್ಲಿ ಉಳಿದಿವೆ. ಬರಿಗೈಯಲ್ಲಿ ಕುಳಿತಾಗ ನೆನಪಿಗೆ ಬಾರದ ಪದ, ಕಲ್ಲಿನ ಗೂಟ ಹಿಡಿದೊಡನೆ ಹಿರಿಯ ಹಾಡುಗಾರ್ತಿಯರ ನಾಲಿಗೆಗೆ ಬರುವುದು ಕ್ಷೇತ್ರಕಾರ್ಯದಲ್ಲಿ ಕಾಣುವ ಸಂಗತಿ. ಅಂದರೆ ಪದದ ನೆನಪು ತಲೆಯಲ್ಲಿರುವಂತೆ ತೋಳಿನಲ್ಲಿಯೂ ಇದೆ. ಪಠ್ಯವನ್ನಷ್ಟೇ ಸಂಗ್ರಹಿಸಿದರೆ ಈ ದೇಹಸ್ಮೃತಿ ಕೈಬಿಟ್ಟುಹೋಗುತ್ತದೆ. ಹಾಡಿದ ಹೊತ್ತು, ಕುಳಿತ ಭಂಗಿ, ಉಸಿರು ನಿಲ್ಲಿಸಿದ ಎಡೆ, ಕಾಳು ಹಾಕಿದ ಗಳಿಗೆ, ಹಾಡಿ ಮುಗಿಸಿದ ಮೇಲಿನ ಮೌನ ಇವುಗಳನ್ನೂ ದಾಖಲಿಸುವುದು ಜಾನಪದ ವಿದ್ವಾಂಸರ ಹೊಣೆ. ಬೀಸಿದ ಅನುಭವವುಳ್ಳ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕಾರ್ಯ ನಡೆಯಬೇಕು. ಇಲ್ಲವಾದಲ್ಲಿ ಹಿಟ್ಟು ನಮ್ಮ ಕೈಯಲ್ಲಿ ಉಳಿದೀತು, ಬೀಸಿದವಳ ಅರಿವು ಉಳಿಯದು.